ಹೆಗರ್ಟಿ ಹೆಸರಿನ ಹಿತ್ತಾಳೆ ತಗಡು

ನನ್ನ ಮೈಮೇಲೆ ಇರುವುದು ಅಕ್ಷರಗಳಲ್ಲ, ಅಕ್ಷರಗಳ ಆಕಾರದ ತೂತುಗಳು. ಒಂದು ಗೇಣು ಉದ್ದ, ಮೂರು ಬೆರಳು ಅಗಲದ ಹಿತ್ತಾಳೆ ತಗಡು ನಾನು. ಹಲಗೆಯ ಮೇಲೋ ಬಟ್ಟೆಯ ಮೇಲೋ ನನ್ನನ್ನು ಒತ್ತಿ ಹಿಡಿದು ಮಸಿಯ ಕುಂಚ ಆಡಿಸಿದರೆ ಕೆಳಗೆ ಇಂಗ್ಲಿಷಿನಲ್ಲಿ ಒಂದು ಹೆಸರು ಮೂಡುತ್ತದೆ: ಹೆಗರ್ಟಿ. ಬೇರೆ ಯಾವ ಹೆಸರನ್ನೂ ನಾನು ಬರೆಯಲಾರೆ.

ನಾನು ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ, 1884ರಲ್ಲಿ. ಸೈನ್ಯಕ್ಕೆ ಸೇರಿದ ಹತ್ತೊಂಬತ್ತರ ತರುಣ ಟಿಮತಿ ಹೆಗರ್ಟಿ ತನ್ನ ಸಾಮಾನಿಗೆ ಗುರುತು ಹಾಕಿಕೊಳ್ಳಲು ನನ್ನನ್ನು ಮಾಡಿಸಿದ. ಕೊರೆಯುವ ಮುದುಕ ಉಳಿ ಹಿಡಿಯುವ ಮುಂಚೆ ಒಂದು ಪ್ರಶ್ನೆ ಕೇಳಿದ.

“ಹೆಸರಿನ ಮುಂದೆ ಓ ಬೇಕೋ, ಬೇಡವೋ?”

ಅವರ ಭಾಷೆಯಲ್ಲಿ ಓ ಎಂದರೆ ಇಂಥವನ ವಂಶದವನು ಎಂದರ್ಥ. ಇಂಗ್ಲಿಷರ ಆಳ್ವಿಕೆಯಲ್ಲಿ ಎಷ್ಟೋ ಮನೆತನಗಳು ಆ ಅಕ್ಷರವನ್ನು ಕಳಚಿ ಇಟ್ಟಿದ್ದವು.

“ನಮ್ಮ ತಾತನ ಕಾಲಕ್ಕೇ ಬಿದ್ದುಹೋಗಿದೆ. ಸೈನ್ಯದ ಪಟ್ಟಿಯಲ್ಲೂ ಇಲ್ಲ,” ಎಂದ ಟಿಮತಿ.

“ಈ ಪಟ್ಟಣದಲ್ಲಿ ಬೀದಿಗೊಬ್ಬ ಹೆಗರ್ಟಿ ಇದ್ದಾನೆ. ನೀನು ಹೋಗುವ ಕಡೆ ಒಬ್ಬನೂ ಸಿಗಲಾರ. ತಗಡು ಗಟ್ಟಿಯಾಗಿರಲಿ,” ಎಂದು ಮುದುಕ ದಪ್ಪ ಹಿತ್ತಾಳೆಯನ್ನೇ ಆರಿಸಿದ.

ಬಳ್ಳಾರಿಯ ದಂಡಿನಲ್ಲಿ ನಾನು ಟಿಮತಿಯ ಚೀಲ, ಕಂಬಳಿ, ಅಂಗಿಗಳ ಮೇಲೆಲ್ಲ ಅವನ ಹೆಸರು ಒತ್ತಿದೆ. ಹನ್ನೆರಡು ವರ್ಷ ಕಳೆದ ಮೇಲೆ ಅವನು ಊರಿಗೆ ಮರಳಲಿಲ್ಲ. ಬಳ್ಳಾರಿಯಲ್ಲೇ ಮದುವೆಯಾಗಿ, ಹುಬ್ಬಳ್ಳಿಗೆ ಬಂದು ರೈಲ್ವೆ ಸೇರಿದ. ಮಗ ಡೆನಿಸ್ ಹುಟ್ಟಿದ್ದು ಅಲ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಟಿಮತಿ ತೀರಿಕೊಂಡ ಮೇಲೆ ನಾನು ಡೆನಿಸನ ಕೈಗೆ ಬಂದೆ.

ಡೆನಿಸ್ ಗೂಡ್ಸ್ ಗಾಡಿಯ ಗಾರ್ಡ್ ಆದ. ಗಾರ್ಡಿಗೆ ಒಂದು ದೊಡ್ಡ ಮರದ ಪೆಟ್ಟಿಗೆ ಇರುತ್ತದೆ. ಬಾವುಟ, ಲಾಟೀನು, ಅಪಾಯದ ಸೂಚನೆಗೆ ಹಳಿಯ ಮೇಲಿಡುವ ಪಟಾಕಿ, ಔಷಧ ಎಲ್ಲ ಅದರೊಳಗೆ. ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ನಾನು ಬಿಳಿ ಬಣ್ಣದಲ್ಲಿ ಹೆಸರು ಒತ್ತಿದೆ. ಆಮೇಲೆ ಅದರ ಮುಚ್ಚಳದ ಒಳಗೇ ನನ್ನ ವಾಸ.

ಹುಬ್ಬಳ್ಳಿಯ ಮಂದಿಗೆ ಹೆಗರ್ಟಿ ನಾಲಗೆಗೆ ಒಗ್ಗಲಿಲ್ಲ. ಕೆಲವರು ಹೆಗಾಟಿ ಸಾಹೇಬ ಎಂದರು, ಕೆಲವರು ಹೆಗಡೆ ಸಾಹೇಬ ಎಂದರು. ಒಮ್ಮೆ ಶಿರಸಿ ಕಡೆಯ ಹಿರಿಯರೊಬ್ಬರು, ಹೆಗಡೆ ಎಂಬ ಗಾರ್ಡ್ ಇದ್ದಾರಂತೆ, ನಮ್ಮವರೇ ಇರಬೇಕು ಎಂದುಕೊಂಡು ಕ್ವಾರ್ಟರ್ಸಿಗೆ ಬಂದರು. ಬಾಗಿಲು ತೆರೆದ ಡೆನಿಸನ ಕೆಂಪು ಮುಖ ನೋಡಿ, ಕೊಟ್ಟ ನೀರನ್ನೂ ಮುಟ್ಟದೆ ಹೋದರು. ಡೆನಿಸ್ ಆ ಕಥೆಯನ್ನು ಹೇಳಿಕೊಂಡು ವರ್ಷವಿಡೀ ನಕ್ಕ.

ಅವನ ನಗು ನಿಂತದ್ದು 1938ರ ಮೇ ತಿಂಗಳಲ್ಲಿ.

ಹುಬ್ಬಳ್ಳಿಯಿಂದ ಐದಾರು ಸ್ಟೇಷನ್ ಆಚೆ ಕರೇಕಟ್ಟಿ ಎಂಬ ಸಣ್ಣ ಸ್ಟೇಷನ್ನು. ಅಲ್ಲಿ ಡೆನಿಸನ ಗಾಡಿಯಿಂದ ನಾಲ್ಕು ವ್ಯಾಗನ್ ಕಳಚಿ ಪಕ್ಕದ ಹಳಿಯ ಮೇಲೆ ಬಿಡಬೇಕಿತ್ತು. ಆ ಹಳಿ ಇಳಿಜಾರಿನಲ್ಲಿತ್ತು. ಕಳಚಿದ ವ್ಯಾಗನ್ನುಗಳ ಕೈ ಬ್ರೇಕು ಬಿಗಿದಿದೆಯೋ ಇಲ್ಲವೋ ಎಂದು ಗಾರ್ಡ್ ತಾನೇ ನಡೆದು ಹೋಗಿ ನೋಡಿ, ಬಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಅಂದು ನೆತ್ತಿ ಸೀಳುವ ಬಿಸಿಲು. ಡೆನಿಸ್ ವರಾಂಡದ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತ ಸಹಿ ಹಾಕಿಬಿಟ್ಟ. ಗಾಡಿ ಮುಂದೆ ಹೋಯಿತು.

ಅರ್ಧ ಗಂಟೆಯ ಮೇಲೆ ನಾಲ್ಕು ವ್ಯಾಗನ್ನುಗಳು ತಾವಾಗಿಯೇ ಉರುಳಿದವು. ಗೇಟಿನ ಗುಡಿಸಲನ್ನು ನೆಲಕಚ್ಚಿಸಿ ಮಗುಚಿದವು. ಹಳಿ ಕೆಲಸದ ಒಬ್ಬ ಆಳಿನ ಎರಡೂ ಕಾಲು ಮುರಿದವು.

ಕರೇಕಟ್ಟಿಯ ಪಾಯಿಂಟ್ಸ್‌ಮನ್ನನ ಹೆಸರು ಫಕ್ಕೀರಪ್ಪ. ಚಕ್ರದ ಕೆಳಗೆ ಮರದ ಬೆಣೆ ಇಡುವುದು ಅವನ ಕೆಲಸ. ಬೆಣೆ ಇಟ್ಟಿರಲಿಲ್ಲ ಎಂದು ಅವನನ್ನು ಕೆಲಸದಿಂದ ನಿಲ್ಲಿಸಿದರು. ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಅವನು ನಡೆದೇ ಹುಬ್ಬಳ್ಳಿಗೆ ಬಂದು ಡೆನಿಸನ ಮನೆಯ ಮೆಟ್ಟಿಲ ಕೆಳಗೆ ನಿಂತ. ಗಾರ್ಡ್ ಪೆಟ್ಟಿಗೆ ಹೊರಗೇ ಇತ್ತು, ಹಾಗಾಗಿ ನಾನೂ ಕೇಳಿಸಿಕೊಂಡೆ.

“ಬೆಣಿ ಇಟ್ಟಿದ್ದೆರಿ ಸಾಹೇಬ್ರ. ನನ್ನ ಕೈಯಾರ ಇಟ್ಟೀನಿ. ನೀವು ನೋಡಿರೇನ್ರಿ?”

ಡೆನಿಸ್ ಪೆಟ್ಟಿಗೆಯ ಚಿಲಕ ತೆಗೆದು ಮತ್ತೆ ಹಾಕಿದ.

“ನೋಡಿದ್ರ ನೋಡೀನಿ ಅನ್ರಿ. ಇಲ್ಲಂದ್ರ ಸುಳ್ಳು ಹೇಳ್ರಿ ಅನ್ನಂಗಿಲ್ಲ ನಾ,” ಎಂದು ಹೇಳಿ ಅವನು ಹೋದ.

ವಿಚಾರಣೆಗೆ ಬಂದ ಮೇಲಧಿಕಾರಿ ಬಿಳಿಯ. ಆ ಕೋಣೆಯಲ್ಲಿ ಕುರ್ಚಿ ಕಡಿಮೆ ಇದ್ದದ್ದರಿಂದ ಡೆನಿಸ್ ತನ್ನ ಪೆಟ್ಟಿಗೆಯ ಮೇಲೆಯೇ ಕೂತಿದ್ದ. ಫಕ್ಕೀರಪ್ಪ ಬಾಗಿಲ ಹೊರಗೆ. ಅಧಿಕಾರಿ ಆಗಲೇ ಟೈಪ್ ಮಾಡಿಸಿದ ಕಾಗದವೊಂದನ್ನು ಮುಂದೆ ಸರಿಸಿದ.

“ಬ್ರೇಕು ಬಿಗಿದಿತ್ತು, ಬೆಣೆ ಇರಲಿಲ್ಲ. ಇದಕ್ಕೊಂದು ಸಹಿ ಹಾಕು ಹೆಗರ್ಟಿ. ನಿನ್ನ ತಂದೆಯನ್ನು ಬಲ್ಲೆ ನಾನು. ಹೊರಗೆ ನಿಂತಿರುವ ಆ ಮನುಷ್ಯನಿಗೆ ಓದಲೂ ಬರುವುದಿಲ್ಲ, ಎಲ್ಲಿಯಾದರೂ ಕೂಲಿ ಮಾಡಿಕೊಂಡು ಬದುಕುತ್ತಾನೆ.”

ಡೆನಿಸ್ ಕಾಗದವನ್ನು ಎರಡು ಸಲ ಓದಿದ. ಅದನ್ನು ಮೇಜಿನ ಮೇಲೆ ವಾಪಸು ಸರಿಸಿದ.

“ಬೆಣೆ ಇತ್ತೋ ಇಲ್ಲವೋ ನಾನು ಹೇಳಲಾರೆ. ಯಾಕೆಂದರೆ ನಾನು ಅಲ್ಲಿಗೆ ಹೋಗಲೇ ಇಲ್ಲ. ಬ್ರೇಕು ನೋಡದೆ ಸಹಿ ಹಾಕಿದೆ. ಅದನ್ನು ಬರೆದುಕೊಳ್ಳಿ.”

“ಯೋಚನೆ ಮಾಡಿ ಮಾತಾಡು.”

“ಮೂರು ವಾರದಿಂದ ಅದನ್ನೇ ಮಾಡುತ್ತಿದ್ದೇನೆ.”

ಫಕ್ಕೀರಪ್ಪನಿಗೆ ಕೆಲಸ ಮರಳಿ ಸಿಕ್ಕಿತು. ಡೆನಿಸ್ ಗಾರ್ಡಿನ ಕೆಲಸ ಕಳೆದುಕೊಂಡು, ಯಾರ್ಡಿನಲ್ಲಿ ನಿಂತು ವ್ಯಾಗನ್ನುಗಳ ನಂಬರು ಬರೆದುಕೊಳ್ಳುವ ಕೆಲಸಕ್ಕೆ ಇಳಿದ. ಪೆಟ್ಟಿಗೆಯನ್ನು ಒಪ್ಪಿಸುವಾಗ ನನ್ನನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡ. ಮಸಿ ಮೆತ್ತಿದ ತಗಡನ್ನು ಜೇಬಿಗೆ ಹಾಕಿಕೊಂಡು ಕೋಟು ಹಾಳು ಮಾಡಿದ ಎಂದು ಹೆಂಡತಿ ಐವಿ ಅಂದು ರೇಗಿದಳು. ನಿಜವಾದ ಸಿಟ್ಟು ಯಾತರದ್ದೆಂದು ಇಬ್ಬರಿಗೂ ಗೊತ್ತಿತ್ತು. ತೋಟವಿದ್ದ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಹೋದರು. ರೈಲ್ವೆ ಇನ್‌ಸ್ಟಿಟ್ಯೂಟ್ ಎಂಬ ಕ್ಲಬ್ಬಿನ ಕ್ರಿಸ್‌ಮಸ್ ಕುಣಿತಕ್ಕೆ ಆ ವರ್ಷ ಯಾರೂ ಕರೆಯಲಿಲ್ಲ. ಮಗಳು ನೋರೀನ್‌ಗೆ ಆಗ ಎಂಟು ವರ್ಷ. ಅವಳು ಹೊಸ ಫ್ರಾಕು ಮಡಚಿ ನನ್ನನ್ನಿಟ್ಟಿದ್ದ ಡ್ರಾಯರಿನಲ್ಲೇ ಇಟ್ಟಳು. ಅಳಲಿಲ್ಲ.

ಕರೇಕಟ್ಟಿಯಲ್ಲಿ ಮಾತ್ರ ಫಕ್ಕೀರಪ್ಪನನ್ನು ಜನ ಹೆಗಾಟಿ ಫಕ್ಕೀರಪ್ಪ ಎಂದು ಕರೆಯತೊಡಗಿದರು. ಆ ಕಡೆ ಅಡ್ಡಹೆಸರು ಹುಟ್ಟಲು ಬಹಳ ಬೇಕಾಗಿಲ್ಲ. ಮೆಣಸಿನಕಾಯಿ ಮಾರಿದವನು ಮೆಣಸಿನಕಾಯಿ, ಹುಣಸೆಮರದ ಕೆಳಗೆ ಮನೆ ಕಟ್ಟಿದವನು ಹುಣಸೀಮರದ. ಹೆಗಾಟಿ ಸಾಹೇಬನಿಂದ ಕೆಲಸ ಉಳಿದವನು ಹೆಗಾಟಿ.

ಮೂರು ವರ್ಷದ ಮೇಲೆ ಅವನಿಗೆ ಹುಬ್ಬಳ್ಳಿಗೇ ವರ್ಗವಾಯಿತು. ಒಂದು ಭಾನುವಾರ ಡೆನಿಸನ ಮನೆಗೆ ಬಂದ.

“ನಾಳೆ ಮಗನ್ನ ಸಾಲಿಗೆ ಹಚ್ಚಬೇಕ್ರಿ, ಮೈಲಾರೀನ್ನ. ಅಡ್ಡಹೆಸರು ಕೇಳ್ತಾರಂತ. ನಿಮ್ಮದು ಬರಸಲೇನ್ರಿ?”

ಡೆನಿಸ್ ಅವನ ಮುಖ ನೋಡಿದ. “ನಿಮ್ಮ ಮನೆತನದ್ದು ಇಲ್ಲೇನು?”

“ಐತ್ರಿ. ಅದನ್ನ ಹೇಳಿದ್ರ ಹುಡುಗನ್ನ ಹೊರಗ ಕುಂದರಸ್ತಾರ. ನಿಮ್ಮದು ಹೇಳಿದ್ರ ಯಾವ ಕುಲಾ ಅಂತ ಯಾರಿಗೂ ತಿಳಿಯಂಗಿಲ್ಲ.”

ಐವಿ ಒಳಗಿನಿಂದ ಇಂಗ್ಲಿಷಿನಲ್ಲಿ ಏನೋ ಅಂದಳು. ಡೆನಿಸ್ ಎದ್ದ. ಡ್ರಾಯರಿನಿಂದ ನನ್ನನ್ನು ತೆಗೆದ. ಕಾಗದದ ಮೇಲಿಟ್ಟು ಮಸಿ ಬಳಿದು, ಊದಿ ಆರಿಸಿ ಫಕ್ಕೀರಪ್ಪನ ಕೈಗೆ ಕೊಟ್ಟ. “ಮಾಸ್ತರಿಗೆ ಇದನ್ನ ತೋರಿಸು. ಹಿಂಗೇ ಬರೀಬೇಕು.”

ಮರುದಿನ ಸಂಜೆ ಫಕ್ಕೀರಪ್ಪ ಬಂದು ನಡೆದದ್ದನ್ನೆಲ್ಲ ಹೇಳಿದ. ಮಾಸ್ತರು ಕಾಗದ ತಿರುಗಿಸಿ ನೋಡಿ, “ಇದೇನೋ ಇದು, ಹೆಗಡೆ ಅಂತ ಬರೀಲೇನು?” ಎಂದರಂತೆ.

“ಬ್ಯಾಡ್ರೀ ಅಂದೆ. ಹೆಗಡೆ ಅಂತ ಬರದ್ರ ನಾಳೆ ಆ ಮಂದಿ ಬಂದು ಜಗಳಾ ತಗೀತಾರ. ಕಾಗದದಾಗ ಏನೈತಿ ಅದನ್ನ ಬರೀರಿ ಅಂದೆ.”

ಹೀಗೆ ಮೈಲಾರಿ ಫಕ್ಕೀರಪ್ಪ ಹೆಗರ್ಟಿ ಒಳಗಿನ ಬೆಂಚಿನ ಮೇಲೆ ಕೂತ.

ಸ್ವಾತಂತ್ರ್ಯ ಬಂದ ಮೇಲೆ ಐವಿಯ ತಮ್ಮಂದಿರು ಇಂಗ್ಲೆಂಡಿಗೆ, ಡೆನಿಸನ ತಂಗಿಯ ಮನೆಯವರು ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಎಲ್ಲರೂ ಕರೆದರು. ನೋರೀನ್ ರೈಲ್ವೆ ಶಾಲೆಯಲ್ಲಿ ಟೀಚರ್ ಆಗಿದ್ದಳು. ಅವಳಿಗೆ ತನ್ನ ತರಗತಿ ಬಿಡಲು ಮನಸ್ಸಿರಲಿಲ್ಲ, ಡೆನಿಸನಿಗೆ ಹುಬ್ಬಳ್ಳಿ ಬಿಡಲು ಮನಸ್ಸಿರಲಿಲ್ಲ. ಡೆನಿಸ್ 1959ರಲ್ಲಿ ತೀರಿಕೊಂಡ, ಐವಿ ಅವನ ಹಿಂದೆ ನಾಲ್ಕು ವರ್ಷಕ್ಕೆ. ನೋರೀನ್ ಮದುವೆಯಾಗಲಿಲ್ಲ. ಶಾಲೆಯ ಮಗ್ಗಿ ಹಲಗೆ, ಬಕೀಟು, ಛತ್ರಿ, ಎಲ್ಲದರ ಮೇಲೂ ನನ್ನಿಂದ ಹೆಸರು ಒತ್ತಿಸುತ್ತಿದ್ದಳು. ಮೈಲಾರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆದ. ಅವನ ಮಕ್ಕಳೆಲ್ಲ ಅವಳ ಹತ್ತಿರವೇ ಇಂಗ್ಲಿಷ್ ಕಲಿತರು, ಬೆರಳ ಗೆಣ್ಣಿಗೆ ಏಟನ್ನೂ ತಿಂದರು.

1994ರಲ್ಲಿ ಕಾರ್ಕಿನಿಂದ ಒಂದು ದಪ್ಪ ಲಕೋಟೆ ಬಂತು. ಅಲ್ಲಿಯ ನಿವೃತ್ತ ಅಂಚೆ ಮಾಸ್ತರರೊಬ್ಬರು ಪ್ರಪಂಚದ ಹೆಗರ್ಟಿಗಳನ್ನೆಲ್ಲ ಎಣಿಸಲು ಹೊರಟಿದ್ದರು. ಹಳೆಯ ಸೈನ್ಯದ ಪಟ್ಟಿ ಹಿಡಿದು, ಬಳ್ಳಾರಿಯ ಚರ್ಚಿಗೆ ಬರೆದು, ಅಲ್ಲಿಂದ ಹುಬ್ಬಳ್ಳಿಯ ವಿಳಾಸ ಹುಡುಕಿದ್ದರು. ಜೊತೆಗೆ ಹೆಸರಿನ ಚರಿತ್ರೆಯ ಒಂದು ಹಾಳೆ, ತುಂಬಿ ಕಳಿಸಬೇಕಾದ ಒಂದು ಫಾರಂ.

ಭಾನುವಾರ ರೊಟ್ಟಿ ಗಂಟು ಹಿಡಿದು ಬಂದ ಮೈಲಾರಿಗೆ ನೋರೀನ್ ಹಾಳೆ ಓದಿ ಹೇಳಿದಳು. ಹೆಗರ್ಟಿಗಳು ಮೊದಲು ಆ ದೇಶದ ಉತ್ತರದವರು, ಡೆರಿ ಮತ್ತು ಡೊನೆಗಾಲ್ ಸೀಮೆಯವರು. ದೊಡ್ಡ ದೊರೆಗಳ ಹಿಂದೆ ಯುದ್ಧಕ್ಕೆ ಹೋಗುತ್ತಿದ್ದವರು. ಒಂದು ಕವಲು ದಕ್ಷಿಣಕ್ಕೆ ಬಂದು ಕಾರ್ಕಿನಲ್ಲಿ ನೆಲೆಸಿತು. ಈಗ ಎಲ್ಲಕ್ಕಿಂತ ಹೆಚ್ಚು ಹೆಗರ್ಟಿಗಳು ಇರುವುದು ಅಲ್ಲೇ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳಲ್ಲೂ ಸಾಕಷ್ಟು ಮಂದಿ.

ಆಮೇಲೆ ಅವಳು ಕನ್ನಡಕ ಸರಿಮಾಡಿಕೊಂಡಳು. “ಅರ್ಥಾನೂ ಕೊಟ್ಟಾರ ನೋಡು. ಅನ್ಯಾಯ ಮಾಡಾವ ಅಂತ.”

ಮೈಲಾರಿ ರೊಟ್ಟಿ ಗಂಟು ಬಿಚ್ಚಿದ. “ಯಾರೋ ಆಗದವ್ರು ಇಟ್ಟಿರಬೇಕ್ರಿ ಟೀಚರ್. ಅಡ್ಡಹೆಸರು ಎಲ್ಲಾ ಕಡೆ ಹಂಗ ಅಲ್ಲೇನ್ರಿ?”

ನೋರೀನ್ ನಗಲು ಶುರುಮಾಡಿದವಳು ಕಣ್ಣೊರೆಸಿಕೊಳ್ಳುವವರೆಗೆ ನಕ್ಕಳು. ಆಮೇಲೆ ಫಾರಂ ಎಳೆದುಕೊಂಡಳು. ನಿಮ್ಮ ಊರಿನಲ್ಲಿ ಈ ಹೆಸರಿನವರು ಎಷ್ಟು ಮಂದಿ ಎಂಬುದು ಮೊದಲ ಪ್ರಶ್ನೆ.

“ನಿಮ್ಮನೀ ಮಂದಿ ಹೆಸರು ಒಂದೊಂದ ಹೇಳು.”

ಮೈಲಾರಿ ಕೈಯಾಡಿಸಿದ. “ನಮ್ಮನ್ನ ಯಾಕ್ರಿ? ನಮ್ಮದು ಎರವಿನ ಹೆಸರು. ಅವರು ರಕ್ತದವ್ರನ್ನ ಕೇಳ್ಯಾರ.”

“ಹೆಸರಿನವ್ರನ್ನ ಕೇಳ್ಯಾರ. ರಕ್ತ ಅಂತ ಇದರಾಗ ಎಲ್ಲೂ ಇಲ್ಲ.”

“ನಾಳೆ ಅವರು ಬಂದು ನಮ್ಮನ್ನ ನೋಡಿದ್ರ, ನಿಮಗ ಅವಮಾನ ಆಗಬಾರದಲ್ರಿ.”

“ಮೈಲಾರಿ, ಹೇಳತೀಯೋ, ಬೆತ್ತ ತರಲೋ?”

ಅವನಿಗೆ ಆಗ ಅರವತ್ತು ದಾಟಿತ್ತು. ತಲೆ ತಗ್ಗಿಸಿ ಹೇಳುತ್ತ ಹೋದ. ಅವನು, ಹೆಂಡತಿ, ಮೂವರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಗಂಡನ ಮನೆ ಬಿಟ್ಟು ಬಂದ ಮಗಳು ಕಸ್ತೂರಿ, ನಾಲ್ಕು ಮೊಮ್ಮಕ್ಕಳು. ಹನ್ನೆರಡು. ನೋರೀನ್ ತನ್ನನ್ನೂ ಸೇರಿಸಿ ಹದಿಮೂರು ಎಂದು ಬರೆದಳು.

ಕೊನೆಯ ಪ್ರಶ್ನೆ, ಈ ಹೆಸರು ನಿಮಗೆ ಯಾರಿಂದ ಬಂತು ಎಂಬುದು. ತನ್ನ ಹೆಸರಿನ ಎದುರಿಗೆ ‘ನನ್ನ ತಂದೆಯಿಂದ’ ಎಂದು ಬರೆದಳು. ಮೈಲಾರಿಯ ಹೆಸರಿನ ಎದುರಿಗೆ ಪೆನ್ನು ಒಂದು ಗಳಿಗೆ ನಿಂತಿತು. ಅಲ್ಲಿಯೂ ‘ನನ್ನ ತಂದೆಯಿಂದ’ ಎಂದೇ ಬರೆದು, ಅವನ ಕಡೆ ತಿರುಗಿಸಿ ಸಹಿ ಮಾಡಿಸಿಕೊಂಡಳು.

ಎರಡು ವರ್ಷದ ಮೇಲೆ ಒಂದು ಪುಸ್ತಕ ಬಂತು. ಊರೂರಿನ ಎಣಿಕೆಯ ಪಟ್ಟಿಯಲ್ಲಿ, ಕಾರ್ಕಿನ ಸಾವಿರಗಳಿಂದ ಎಷ್ಟೋ ಪುಟ ಕೆಳಗೆ, ಹುಬ್ಬಳ್ಳಿ, ಹದಿಮೂರು ಎಂದು ಅಚ್ಚಾಗಿತ್ತು. ಮೈಲಾರಿ ಆ ಪುಟವನ್ನು ಝೆರಾಕ್ಸ್ ಮಾಡಿಸಿ ಚೌಕಟ್ಟು ಹಾಕಿಸಿದ.

ನೋರೀನ್ 2009ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೂವರು ಮೈಲಾರಿಯ ಮಕ್ಕಳು. ಮನೆ ಖಾಲಿ ಮಾಡುವಾಗ ಕಸ್ತೂರಿ ಪುಸ್ತಕಗಳನ್ನು ಶಾಲೆಗೆ ಕೊಟ್ಟು, ನನ್ನನ್ನು ಮಾತ್ರ ತನ್ನ ಚೀಲಕ್ಕೆ ಹಾಕಿಕೊಂಡಳು.

ಕಸ್ತೂರಿ ಗರಿಗರಿಯಾದ ಕಟಕ್ ರೊಟ್ಟಿ ಮಾಡಿ ಮಾರುತ್ತಾಳೆ. ಈಗ ಅವಳ ಕೈಕೆಳಗೆ ಎಂಟು ಹೆಂಗಸರು ರೊಟ್ಟಿ ಬಡಿಯುತ್ತಾರೆ. ರಟ್ಟಿನ ಡಬ್ಬಿಗಳ ಮೇಲೆ ನಾನು ದಿನವೂ ಹೆಸರು ಒತ್ತುತ್ತೇನೆ. ಅವು ಧಾರವಾಡ, ಬೆಳಗಾವಿ, ಪುಣೆಗಳ ಅಂಗಡಿಗೆ ಹೋಗುತ್ತವೆ. ಟಿಮತಿಯ ಕಂಬಳಿಯಿಂದ ನೋರೀನಳ ಛತ್ರಿಯವರೆಗೆ ಎಲ್ಲವನ್ನೂ ಕೂಡಿಸಿದರೂ ನಾನು ಇಷ್ಟು ಸಲ ಈ ಹೆಸರು ಬರೆದಿರಲಾರೆ. ಊರಿನಲ್ಲಿ ಹೆಗರ್ಟಿಗಳು ಈಗ ಹತ್ತೊಂಬತ್ತು ಮಂದಿ. ಹೋದ ಶ್ರಾವಣದಲ್ಲಿ ಒಂದು ಹೆಣ್ಣುಕೂಸು ಹುಟ್ಟಿತು.

ನನಗೆ ವಯಸ್ಸಾಗಿದೆ. ತೂತುಗಳಲ್ಲಿ ಮಸಿ ಗಟ್ಟಿಕೊಂಡು ಅಂಚುಗಳು ಮಸುಕಾಗಿವೆ. ಮೊನ್ನೆ ಕಸ್ತೂರಿಯ ತಮ್ಮನ ಸೊಸೆ, “ಅತ್ತಿ, ಇನ್ನ ಈ ತಗಡ ಸಾಕ್ರಿ. ಸ್ಟಿಕರ್ ಮಾಡಸೋಣು, ಕನ್ನಡದಾಗ,” ಎಂದಳು. ಕಸ್ತೂರಿ ಒಪ್ಪಿದಳು. ನನ್ನನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಹಿಟ್ಟಿನ ಡಬ್ಬಿಗಳ ಮೇಲಿನ ಗೂಡಿನಲ್ಲಿ ನಿಲ್ಲಿಸಿದಳು.

ಅಲ್ಲಿಂದ ಎಲ್ಲ ಕಾಣುತ್ತದೆ. ಹೊಸ ಸ್ಟಿಕರಿನ ಮೇಲೆ ಊರವರು ಕರೆಯುವ ಹಾಗೆಯೇ ಬರೆಸಿದ್ದಾರೆ: ಹೆಗಾಟಿ ರೊಟ್ಟಿ. ಅದನ್ನು ಬರೆಯುವುದು ನನ್ನಿಂದ ಎಂದೂ ಆಗುತ್ತಿರಲಿಲ್ಲ. ನನಗೆ ಬೇಸರವಿಲ್ಲ. ಸಮುದ್ರ ದಾಟಿ ಬಂದ ಹೆಸರಿಗೆ ಇಷ್ಟು ದಿನ ಒಂದು ತಗಡಿನ ಆಸರೆ ಬೇಕಿತ್ತು. ಈಗ ಅದು ಜನರ ಬಾಯಲ್ಲಿದೆ, ಮೂರೇ ಕನ್ನಡ ಅಕ್ಷರದಲ್ಲಿ.