ತೋಡಿನ ಆಳ

"ಉಮ್ಮಾ, ಇವತ್ತೊಂದು ದಿನ ಕಮ್ಮಿ ಮಾಡಿ ಹೇಳಿ," ಎಂದ ಮಗ ಇಮ್ತಿಯಾಝ್, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸುತ್ತಾ. "ನಿಮ್ಮ ಬಾಯಲ್ಲಿ ಬೆಕ್ಕು ಕೂಡ ಹುಲಿ ಆಗ್ತದೆ."

"ಆ ಬೆಕ್ಕು ಹುಲಿಯಷ್ಟೇ ಇತ್ತು ಮಾರಾಯ. ನೀನು ನೋಡಿದ್ದೀಯಾ?"

ಶುಕ್ರವಾರ, ಅವನಿಗೆ ರಜೆ. ದೋಹಾದ ಅಲ್ ಮುಂತಜಾದ ಫ್ಲ್ಯಾಟಿನಲ್ಲಿ ನಾವು; ಫೋನಿನೊಳಗೆ ನಮ್ಮೂರಿನ ಪಂಚಾಯತಿ ಹಾಲ್. ಗುಡ್ಡದ ಕಲ್ಲಿನ ಕೋರೆಯನ್ನು ಇನ್ನೂ ಅಗಲ ಮಾಡಲು ಹೊರಟಿದ್ದಾರೆ. ಕೋರೆಯ ಹುಡಿ ತುಂಬಿ ಕೆಳಗೆ ಹರಿಯುವ ತೋಡು ಸಾಯುತ್ತಿದೆ ಎಂದು ಊರವರು ಅಡ್ಡ ನಿಂತಿದ್ದಾರೆ. ಅಲ್ಲಿ ತೋಡೇ ಇರಲಿಲ್ಲ, ಮಳೆಗಾಲದ ಚರಂಡಿ ಅಷ್ಟೆ ಎಂದು ಕೋರೆಯವರ ವಾದ. ಹಳೆಯ ತೋಡನ್ನು ಕಂಡವರು ಹೇಳಲಿ ಎಂದರು ವಿಚಾರಣೆಗೆ ಬಂದ ಅಧಿಕಾರಿ. ಕಂಡವರಲ್ಲಿ ಉಳಿದದ್ದು ಇಲ್ಲಿ ನಾನು, ಅಲ್ಲಿ ನೆರೆಮನೆಯ ದುಗ್ಗು. ಚಿಕ್ಕಂದಿನಿಂದ ನನ್ನನ್ನು ಬುರುಡೆ ಆಮಿನ ಎಂದೇ ಕರೆದವನು.

"ಅಮ್ಮಾ, ಬೇಸಿಗೆಯಲ್ಲಿ ನೀರು ಎಷ್ಟಿತ್ತು?" ಅಧಿಕಾರಿ ಕೇಳಿದರು.

"ಸೊಂಟದವರೆಗೆ ಸ್ವಾಮಿ."

ಹಾಲ್ ನಕ್ಕಿತು. "ಅಜ್ಜಿ ದೋಹಾದ ಸಮುದ್ರ ನೋಡಿ ಹೇಳ್ತಿದ್ದಾರೆ," ಎಂದ ಕೋರೆಯ ಕಡೆಯವನೊಬ್ಬ. ಇಮ್ತಿಯಾಝ್ ತಲೆ ತಗ್ಗಿಸಿದ.

ಚಿಟಿಕೆಯಷ್ಟೂ ಸೇರಿಸದೆ ಹೇಳಿದ ಮಾತಿಗೇ ಇವರು ನಕ್ಕರಲ್ಲ! ಈ ಊರಿನಲ್ಲಿ ನೀರು ಡಬ್ಬಿಯಲ್ಲಿ ಕುಳಿತು, ಲಿಫ್ಟ್ ಹತ್ತಿ ಮನೆಗೆ ಬರುತ್ತದೆ. ಅದನ್ನು ಎಲ್ಲರೂ ನಂಬುತ್ತಾರೆ. ಬೇಸಿಗೆಯಲ್ಲೂ ಹರಿದ ತೋಡನ್ನು ನಂಬುವವರಿಲ್ಲ.

ದುಗ್ಗು ಕೋಲೂರಿ ಎದ್ದ. "ಇವಳ ಒಂದು ಮಾತನ್ನೂ ನಾನು ನಂಬಿದವನಲ್ಲ. ಇವತ್ತು ಹೇಳಿದ್ದೂ ಸುಳ್ಳು."

ಅವನು ಅಧಿಕಾರಿಯ ಕಡೆ ತಿರುಗಿದ.

"ಸೊಂಟ ಅಲ್ಲ ಸ್ವಾಮಿ, ಎದೆಮಟ್ಟ. ವಿಷು ಕಳೆದ ವಾರ, ನಡು ಬೇಸಿಗೆಯಲ್ಲಿ, ತೇಲಿಹೋದ ಕೊಡ ಹಿಡಿಯಲಿಕ್ಕೆ ಹೋಗಿ ಮುಳುಗಿದ್ಳು. ಜಡೆ ಹಿಡಿದು ಎಳೆದದ್ದು ನಾನು. ಜಡೆ ಅಂದ್ರೆ ಎಂತ, ಇಲಿ ಬಾಲ!"

"ಹೋಗಾ! ದೋಣಿ ಕಟ್ಟುವ ಹಗ್ಗದಷ್ಟು ದಪ್ಪ ಇತ್ತು!"

"ಮತ್ತೆ ಸೊಂಟ ಅಂತ ಯಾಕೆ ಹೇಳಿದ್ರಿ ಅಮ್ಮಾ?" ಎಂದರು ಅಧಿಕಾರಿ.

"ಮಗ ಕಮ್ಮಿ ಮಾಡಿ ಹೇಳು ಅಂದ. ಮಾಡಿದೆ."

ಈ ಬಾರಿ ಯಾರೂ ನಗಲಿಲ್ಲ. ಎದೆಮಟ್ಟ ಎಂದೇ ಬರೆದುಕೊಳ್ಳಲು ಅಧಿಕಾರಿ ಪಕ್ಕದವನಿಗೆ ಹೇಳಿದರು. ತಾನೇ ತೋಡಿಗಿಳಿದು ನೋಡುವವರೆಗೆ ಕೋರೆ ಅಗಲ ಮಾಡುವ ಮಾತಿಲ್ಲ ಎಂದರು.

ಫೋನು ಆರಿದ ಮೇಲೆ ಇಮ್ತಿಯಾಝ್ ಸಕ್ಕರೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ತೋಡು ಅಗಲ ಎಷ್ಟಿತ್ತು ಉಮ್ಮಾ?"

ಫ್ಲ್ಯಾಟಿನೊಳಗೆ ತೋರಿಸಲು ಜಾಗ ಸಾಲಲಿಲ್ಲ. ಬಾಗಿಲು ತೆಗೆದು, ಕಾರಿಡಾರಿನ ಕೊನೆಯ ಲಿಫ್ಟಿನವರೆಗೂ ನಡೆದುಹೋಗಿ, ಅಲ್ಲಿಂದ ಕೂಗಿದೆ: "ಇಷ್ಟು!"

ಅವನು ಬಾಗಿಲಲ್ಲೇ ನಿಂತು, ನಡುವಿನ ಬರಿಯ ನೆಲವನ್ನು ನೋಡುತ್ತಿದ್ದ.