ನೀರು ಕುಡಿಯದವನು

ದುವೋಪನ ಹೆಣವನ್ನು ನೀಲಿ ತಾಡಪಾಲಿನಲ್ಲಿ ಸುತ್ತಿ ತಂದರು. ಪರದೇಶದ ಸಂಸ್ಥೆಯವರು ಜೋಳದ ಚೀಲಗಳನ್ನು ಮುಚ್ಚಿಡಲು ಕೊಟ್ಟ ತಾಡಪಾಲು ಅದು. ನಾಲ್ವರು ನಾಲ್ಕು ಮೂಲೆ ಹಿಡಿದಿದ್ದರು, ನಡುಭಾಗ ಜೋತುಬಿದ್ದು ನೆಲಕ್ಕೆ ಉಜ್ಜುತ್ತಿತ್ತು. ಅಕ್ಕ ನ್ಯಾದಿಯೆಂಗ್ ಮುಖದ ಕಡೆ ಸರಿಸಿ ನೋಡಿದಳು. ಹಣೆಯಲ್ಲಿ ಬೆರಳು ತೂರುವಷ್ಟು ತೂತು. ತಲೆಯ ಹಿಂಭಾಗ ಇರಲೇ ಇಲ್ಲ. ಕೂದಲಿಗೆ ರಕ್ತದ ಜೊತೆ ಜೋಳದ ಕಾಳುಗಳು ಅಂಟಿಕೊಂಡಿದ್ದವು. ಎರಡು ಮೂರು ಕಾಳು ಬಿಡಿಸಿ ತೆಗೆದಳು, ಆಮೇಲೆ ಎಳೆದು ಮುಚ್ಚಿದಳು.

ಬೆಳಗ್ಗೆ ವಿಮಾನ ಬಂದಿತ್ತು. ದೂರದ ದೇಶಗಳ ಕರುಣೆ ನಮ್ಮ ಕಡೆ ಆಕಾಶದಿಂದಲೇ ಬೀಳುವುದು, ಚೀಲವೊಂದಕ್ಕೆ ಐವತ್ತು ಕಿಲೋ. ಕೆಳಗೆ ನಿಂತವನ ಗ್ರಹಚಾರ ಕೆಟ್ಟಿದ್ದರೆ ಆ ಕರುಣೆಯೇ ಅವನನ್ನು ಅಪ್ಪಚ್ಚಿ ಮಾಡುತ್ತದೆ. ಅದಕ್ಕೆಂದೇ ಬಯಲಿನ ಸುತ್ತ ಸುಣ್ಣದ ಗೆರೆ ಎಳೆದು, ವಿಮಾನ ಹೋಗುವ ತನಕ ಯಾರೂ ದಾಟದಂತೆ ಕಾವಲು ನಿಲ್ಲಿಸುತ್ತಾರೆ. ದುವೋಪ್ ಆ ಕಾವಲಿನವರಲ್ಲಿ ಒಬ್ಬ. ಎರಡು ತಿಂಗಳು ನೈದಿಲೆ ಗೆಡ್ಡೆ ತಿಂದು ಜೀವ ಹಿಡಿದಿದ್ದ ಜನಕ್ಕೆ ಸುಣ್ಣದ ಗೆರೆ ಯಾವ ಲೆಕ್ಕ? ಚೀಲಗಳು ಒಡೆದು ಕಾಳು ಚೆಲ್ಲಿದ್ದೇ ತಡ, ನುಗ್ಗಿದರು. ದೂಳು ಎದ್ದಿತು, ದೂಳಿನೊಳಗೆ ಒಂದು ಗುಂಡು ಹಾರಿತು. ಯಾರು ಹೊಡೆದರೆಂದು ಕಂಡವರಿಲ್ಲ. ಜೌಗಿನಾಚೆಯ ನದಿಯ ಕಡೆಯವರೇ ಇರಬೇಕು ಎಂದು ಹೆಣ ಹೊತ್ತು ತಂದವರಲ್ಲಿ ಒಬ್ಬ ಹೇಳಿದ. ಹೇಳಿದ್ದೇ ಸಾಕಾಯಿತು, ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಊರೆಲ್ಲ ಅದನ್ನು ಕಣ್ಣಾರೆ ಕಂಡಂತೆ ಮಾತಾಡುತ್ತಿತ್ತು.

ನ್ಯಾದಿಯೆಂಗ್ ಊರಿನ ಕೈಪಂಪಿನ ಉಸ್ತುವಾರಿ ನೋಡುವವಳು. ಎರಡು ವರ್ಷದ ಹಿಂದೆ ಯೋನಾಸ್ ಎಂಬ ಪರದೇಶದ ಇಂಜಿನಿಯರು ಬಂದು ಬೋರು ಕೊರೆಸಿದ. ವಾಷರು ಬದಲಿಸುವುದು, ಪೈಪು ಎತ್ತುವುದು ಎಲ್ಲ ಅವಳಿಗೇ ಕಲಿಸಿ, ನಟ್ಟು ಬಿಚ್ಚುವ ಮೊಳದುದ್ದದ ಕಬ್ಬಿಣದ ಪಾನಾ ಒಂದನ್ನು ಕೈಗೆ ಕೊಟ್ಟು ಹೋದ. ಅವನದು ಒಂದೇ ಷರತ್ತು, ನೀರು ಎಲ್ಲರಿಗೂ ಸಿಗಬೇಕು, ನದಿಯ ಕಡೆಯವರಿಗೂ ಸಿಗಬೇಕು. ಅವಳು ಅದನ್ನು ಚಾಚೂ ತಪ್ಪದೆ ನಡೆಸಿದ್ದಳು. ಈ ಪಂಪಿನಿಂದ ಬಾಯಾರಿ ಹಿಂದೆ ಹೋದವರು ಒಬ್ಬರೂ ಇಲ್ಲ ಎಂದು ಹೇಳಿಕೊಳ್ಳುವಾಗ ಅವಳ ಎದೆ ಸೆಟೆದುಕೊಳ್ಳುತ್ತಿತ್ತು.

ಆದರೆ ನೀರಿಗೆ ನಮ್ಮದೇ ಷರತ್ತೂ ಒಂದಿದೆ, ಯೋನಾಸನಿಗೆ ಅದು ಗೊತ್ತಿರಲಿಲ್ಲ. ಕೊಂದವನ ಮೈಯೊಳಗೆ ಸತ್ತವನ ರಕ್ತ ಸೇರಿಕೊಳ್ಳುತ್ತದೆ. ಅವನು ನೇರ ಚಿರತೆ ತೊಗಲು ಹೊದ್ದ ಪೂಜಾರಿಯ ಮನೆಗೆ ಓಡಬೇಕು. ಪೂಜಾರಿ ತೋಳು ಕೊಯ್ದು ಆ ರಕ್ತ ಹರಿಯಬಿಡುವವರೆಗೆ ಒಂದು ಹನಿ ನೀರೂ ಕುಡಿಯುವಂತಿಲ್ಲ, ಕುಡಿದರೆ ಸಾವೇ. ಆಮೇಲೂ ಕೊಂದವನ ಮನೆಯವರೂ ಸತ್ತವನ ಮನೆಯವರೂ ಒಂದೇ ಪಾತ್ರೆಯಿಂದ ಕುಡಿಯಬಾರದು. ಪಂಪು ಬಂದಾಗ ಹಿರಿಯರು ಮೂರು ದಿನ ಕೂತು ಚರ್ಚಿಸಿ, ಪಂಪಿನ ಬಾಯಿಯೂ ಪಾತ್ರೆಯ ಬಾಯಿಯೇ ಎಂದು ತೀರ್ಮಾನ ಮಾಡಿದ್ದರು. ಎರಡು ಕಡೆಯ ನಡುವೆ ಕೊಲೆ ನಡೆಯದೆ ಇದ್ದದ್ದರಿಂದ ಎರಡು ವರ್ಷ ಆ ತೀರ್ಮಾನ ಯಾರಿಗೂ ಅಡ್ಡ ಬಂದಿರಲಿಲ್ಲ.

ಆ ಮಧ್ಯಾಹ್ನ ನ್ಯಾದಿಯೆಂಗ್ ಗಂಡಸರ ಗೋಳಾಟ ಕೇಳಲಾರದೆ ಪಂಪಿನ ಕಟ್ಟೆಗೆ ಬಂದು ಕೂತಳು. ತೊಡೆಯ ಮೇಲೆ ಪಾನಾ ಇತ್ತು. ಕೊಂದವನು ಸಿಗಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು. ಸಿಕ್ಕರೆ ಏನು ಮಾಡುವುದೆಂದು ಯೋಚಿಸಿರಲಿಲ್ಲ. ತಾಯಿ ಸತ್ತ ಮೇಲೆ ಬೆನ್ನಿಗೆ ಕಟ್ಟಿಕೊಂಡು ಸಾಕಿದ ತಮ್ಮ ಅವನು.

ಆಗ ಜೊಂಡಿನ ಕಡೆಯಿಂದ ಒಬ್ಬ ಬಂದ. ಮಂಡಿಯವರೆಗೂ ಕೆಸರು, ತುಟಿ ಒಡೆದು ಬಿಳಿಚಿಕೊಂಡಿತ್ತು, ಕೈಯಲ್ಲಿ ಹಳದಿ ಕ್ಯಾನು. ಹಣೆಯ ಮೇಲೆ ಕೊಯ್ದ ಕುಲದ ಗೆರೆಗಳು ನಮ್ಮವರ ಹಾಗೇ ಇದ್ದರೂ ಮಾತಿನ ಎಳೆತ ನದಿಯ ಕಡೆಯದು. ಹೆಸರು ಬಿಲಿಯು ಎಂದ. ಅವಳ ಮೈದುನ ತುತ್ ಅಲ್ಲೇ ಇದ್ದ. ನಮ್ಮ ಗಂಡಸರು ಗುರುತು ಕೇಳುವ ರೀತಿಯಲ್ಲೇ, ನಿನ್ನ ಹೋರಿ ಯಾವ ಬಣ್ಣದ್ದು ಎಂದು ಕೇಳಿದ.

"ಹೋದ ವರ್ಷ ಬೂದಿ ಬಣ್ಣದ್ದು ಇತ್ತಣ್ಣ. ಈಗ ಹೊಡ್ಕೊಂಡು ಹೋದವ್ನ ಕೇಳ್ಬೇಕು," ಎಂದು ಬಿಲಿಯು ನಕ್ಕ. ತುತ್ ನಗಲಿಲ್ಲ.

ಬಿಲಿಯು ಪಂಪು ಹೊಡೆದು ಕ್ಯಾನು ತುಂಬಿಸಿದ. ನೀರು ಕೈಗೆ ಚೆಲ್ಲಿ ಮಣಿಕಟ್ಟಿನಿಂದ ತೊಟ್ಟಿಕ್ಕಿತು. ಆದರೆ ಅವನು ಕುಡಿಯಲಿಲ್ಲ. ಅಂಗಿಯ ಜೇಬಿನಿಂದ ಬಿಳಿಯದೇನನ್ನೋ ತೆಗೆದು ಕ್ಯಾನಿಗೆ ಹಾಕಿ, ಮುಚ್ಚಳ ಬಿಗಿದು, ಕುಲುಕಿ, ನೆರಳಿಗೆ ಎಳೆದುಕೊಂಡು ಕೂತ. ಕೂತೇ ಇದ್ದ. ನಾಲಗೆ ತುಟಿಯ ಮೇಲೆ ಆಡುತ್ತಿತ್ತು, ಗಂಟಲಿನ ಗಂಟು ಏರಿ ಇಳಿಯುತ್ತಿತ್ತು. ಕಲ್ಲೂ ಬೆವರುವ ಬಿಸಿಲಿನಲ್ಲಿ ಅರ್ಧ ದಿನ ನಡೆದು ಬಂದವನು ನೀರನ್ನು ಪಕ್ಕದಲ್ಲಿಟ್ಟುಕೊಂಡು ಬರೀ ನೋಡುತ್ತಿದ್ದ.

ನೀರು ಕುಡಿಯದೆ ಕೂತವನು ಕೊಂದವನೇ ಎಂದು ನ್ಯಾದಿಯೆಂಗಳಿಗೆ ಹೊಳೆಯಿತು. ತುತ್‌ನ ಮುಖ ನೋಡಿದಳು. ಅವನಿಗೂ ಅದೇ ಹೊಳೆದಿತ್ತು. ಇಲ್ಲಿ ಹುಟ್ಟಿದ ಕೂಸೂ ಅದನ್ನು ಓದಬಲ್ಲದು.

"ಯಾಕಣ್ಣ, ನೀರು ಸರಿಯಿಲ್ವಾ?" ಎಂದು ಕೇಳಿದಳು. ದನಿ ಮೆತ್ತಗೇ ಇತ್ತು.

"ಇನ್ನೂ ಕುಡೀಬಾರ್ದು ಅಕ್ಕ, ಹೊತ್ತಾಗ್ಬೇಕು," ಎಂದ ಅವನು. ಆಮೇಲೆ ಅವಳು ಕೇಳದಿದ್ದರೂ ಎಲ್ಲ ಹೇಳಿದ. ಹೋದ ಮಳೆಗಾಲದಲ್ಲಿ ನದಿಯ ನೀರು ಕುಡಿದು ಅವನ ಎರಡು ಮಕ್ಕಳು ಒಂದೇ ವಾರದಲ್ಲಿ ವಾಂತಿಭೇದಿಯಾಗಿ ಸತ್ತವು. ಪರದೇಶದ ದಾದಿಯೊಬ್ಬಳು ಬಂದು ಮಾತ್ರೆ ಕೊಟ್ಟಳು. ಯಾವ ನೀರೇ ಆಗಲಿ, ಮಾತ್ರೆ ಹಾಕಿ, ನೆರಳು ಒಂದು ಗೇಣು ಸರಿಯುವ ತನಕ ಕಾಯಬೇಕು ಎಂದು ಆಣೆ ಮಾಡಿಸಿಕೊಂಡಳು. ಹೆಂಡತಿ, ಉಳಿದ ಇಬ್ಬರು ಮಕ್ಕಳು ಹಿಂದೆ ಬರುತ್ತಿದ್ದಾರೆ, ಅವರು ಮುಟ್ಟುವಷ್ಟರಲ್ಲಿ ನೀರು ತಯಾರಾಗಿರಲಿ ಎಂದು ತಾನು ಮುಂದೆ ಓಡಿ ಬಂದೆ ಎಂದ.

ನಿಜವನ್ನೇ ಹೇಳಿದ, ಪಾಪ. ಆದರೆ ಈ ಊರಿನಲ್ಲಿ ಯಾರೂ ಅಂಥ ಮಾತ್ರೆಯನ್ನು ಕಂಡವರಲ್ಲ. ಬೋರಿನ ನೀರು ಶುದ್ಧ, ಏನೂ ಹಾಕಬೇಕಿಲ್ಲ ಎಂದು ಯೋನಾಸನೇ ಹೇಳಿದ್ದ. ಪರದೇಶದವರು ನದಿಯ ದಡದಲ್ಲಿ ಒಂದು ಪಾಠ ಹೇಳಿದ್ದರು, ಇಲ್ಲಿ ಇನ್ನೊಂದು ಹೇಳಿದ್ದರು. ಇಲ್ಲಿನವರಿಗೆ ಅಲ್ಲಿಯದನ್ನು ತಿಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಷ್ಟರಲ್ಲಿ ಹತ್ತು ಹದಿನೈದು ಗಂಡಸರು ಈಟಿ ಹಿಡಿದು ಸುತ್ತ ನೆರೆದಿದ್ದರು. ನನ್ನ ಪಂಪಿನ ನೀರಿಗೆ ಔಷಧಿ ಹಾಕುವಷ್ಟು ಕೊಳೆ ಕಂಡಿತಾ ಎಂದು ನ್ಯಾದಿಯೆಂಗ್ ಕೇಳಿದಳು. ತೋಳು ಕೊಯ್ಯಿಸಿಕೊಳ್ಳದೆ ಕೊಂದ ರಕ್ತ ಇಳಿಸಲು ಮಾಟದ ಪುಡಿ ಹುಡುಕಿಕೊಂಡಿದ್ದಾನೆ ಎಂದು ಒಬ್ಬ ಗೊಣಗಿದ. ಬೆಳಗ್ಗೆ ಜೋಳ ಬಿದ್ದ ಬಯಲಿನಲ್ಲಿ ಇದ್ದೆಯಾ ಎಂದು ತುತ್ ಕೇಳಿದ. ಅದರ ಅಂಚಿನಲ್ಲೇ ಹಾದು ಬಂದೆ ಎಂದು ಬಿಲಿಯು ಒಪ್ಪಿಕೊಂಡ. ಅಲ್ಲಿಗೆ ಅವನ ಕಥೆ ಮುಗಿದಂತಾಯಿತು, ಅದು ಅವನಿಗೂ ಗೊತ್ತಾಯಿತು. ಎದ್ದು ನಿಲ್ಲಲು ಹೋದ. ತುತ್ ಭುಜ ಅದುಮಿ ಕೂರಿಸಿದ.

"ಹಂಗಾದ್ರೆ ಕುಡಿ," ಎಂದಳು ನ್ಯಾದಿಯೆಂಗ್.

ಅವನು ನೆರಳು ನೋಡಿದ. ಇನ್ನೂ ಗೇಣು ಸರಿದಿರಲಿಲ್ಲ. ಸುತ್ತಲ ಈಟಿಗಳನ್ನು ನೋಡಿದ. ಅವಳೇ ಕ್ಯಾನಿನ ಮುಚ್ಚಳ ಬಿಚ್ಚಿ ಸೋರೆಬುರುಡೆಗೆ ನೀರು ಬಗ್ಗಿಸಿ ಅವನ ಬಾಯಿಗೆ ಹಿಡಿದಳು. ಅವನು ಕಣ್ಣು ಮುಚ್ಚಿ ಗಟಗಟನೆ ಕುಡಿದ. ಒಂದು ಗಳಿಗೆ ಏನೂ ಆಗಲಿಲ್ಲ. ಅವಳಿಗೆ ಒಂದು ಬಗೆಯ ನಿರಾಳವೂ ಆಯಿತು, ಅದನ್ನು ಆಮೇಲೆ ಅವಳೇ ಹೇಳಿದಳು.

ಆಮೇಲೆ ಅವನ ಹೊಟ್ಟೆ ತೊಳಸಿತು. ಮೂರು ದಿನದಿಂದ ಏನೂ ಕಾಣದ ಹೊಟ್ಟೆ ಅದು. ಒಂದು ಮಾತ್ರೆ ಸಾಕಾಗಿತ್ತು, ಉಳಿದ ಮಕ್ಕಳನ್ನು ಕಳೆದುಕೊಳ್ಳುವ ಭಯಕ್ಕೆ ಅವನು ಮೂರು ಹಾಕಿದ್ದ. ನೀರು ಬಾಯಿ ಮೂಗಿನಲ್ಲೆಲ್ಲ ಹೊರಬಂತು, ಬಗ್ಗಿ ಒದ್ದಾಡುತ್ತ ಕಾರಿದ. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ನೀರು ಅವನನ್ನು ಒಪ್ಪಲಿಲ್ಲ, ಇನ್ನು ಯಾವ ಸಾಕ್ಷಿ ಬೇಕು?

ನ್ಯಾದಿಯೆಂಗ್ ಪಾನಾ ಎತ್ತಿ ಹೊಡೆದಳು. ಮೊದಲ ಏಟು ಕಿವಿಯ ಮೇಲೆ ಬಿತ್ತು, ಒಣ ಬುರುಡೆ ಒಡೆದ ಸದ್ದು ಬಂತು. ಅವನು ಪಕ್ಕಕ್ಕೆ ಉರುಳಿ ಕೈ ಅಡ್ಡ ತಂದ, ಎರಡನೆಯ ಏಟಿಗೆ ಕೈ ಮುರಿಯಿತು. "ಮಕ್ಕಳು ಬರ್ತಾವೆ ಅಕ್ಕ," ಎಂದ. ಮೂರನೆಯ ಏಟು ಬಾಯಿಗೇ ಬಿತ್ತು. ತುತ್ ಈಟಿಯನ್ನು ಪಕ್ಕೆಯೊಳಗೆ ನೂಕಿ ಕಾಲಿಟ್ಟು ಎಳೆದ, ಇನ್ನೊಬ್ಬ ಹೊಟ್ಟೆಗೆ ತಿವಿದ. ಅವಳು ಹೊಡೆಯುತ್ತಲೇ ಇದ್ದಳು. ಪ್ರತಿ ಏಟಿಗೂ ತಮ್ಮನ ಹೆಸರು ಹೇಳುತ್ತಿದ್ದಳು. ಮುಖವೆನ್ನುವುದು ಉಳಿಯಲಿಲ್ಲ. ರಕ್ತ ಸಿಮೆಂಟಿನ ಕಾಲುವೆಯಲ್ಲಿ ಹರಿದು, ಚೆಲ್ಲಿದ ನೀರು ದನ ಕುಡಿಯುವ ತೊಟ್ಟಿಗೆ ಹೋಗುವ ದಾರಿಯಲ್ಲೇ ಹೋಯಿತು.

ಕೈ ಸೋತು ನಿಂತಾಗ ಪೂಜಾರಿ ವಾಲಜ್ಜ ಬರುವುದು ಕಂಡಿತು. ಬೆಳಗಿನಿಂದ ಅವನ ಮನೆಯಲ್ಲಿ ಒಬ್ಬ ಕೂತಿದ್ದಾನೆ, ತೋಳು ಕೊಯ್ದದ್ದೂ ಆಯಿತು, ಅದನ್ನು ಹೇಳಲೆಂದೇ ಕೋಲೂರಿಕೊಂಡು ಬಂದಿದ್ದ. ದುವೋಪನನ್ನು ಹೊಡೆದವನು ಚುವೋಲ್. ನ್ಯಾದಿಯೆಂಗಳ ಪಕ್ಕದ ಮನೆಯ ಚುವೋಲ್, ಅವಳ ಒಲೆಯ ಮುಂದೆ ಉಂಡು ಬೆಳೆದವನು. ಒಡೆದ ಚೀಲಕ್ಕೆ ಕೈ ಹಾಕಬೇಡ ಎಂದು ದುವೋಪ್ ದೊಣ್ಣೆ ಎತ್ತಿದ್ದನಂತೆ.

ವಾಲಜ್ಜ ನೆಲದ ಮೇಲಿದ್ದುದನ್ನು ನೋಡಿದ, ಬಗ್ಗಿ ಅದರ ಜೇಬಿಗೆ ಕೈ ಹಾಕಿ ಒಂದು ಮಾತ್ರೆ ಪಟ್ಟಿ ತೆಗೆದ. ಓದಲು ಬಾರದವರಿಗೆಂದು ಅದರ ಮೇಲೆ ಚಿತ್ರ ಬರೆದಿತ್ತು, ಒಂದು ಕ್ಯಾನು, ಒಂದು ಬಿಳಿ ಚುಕ್ಕೆ, ಮರದ ಕೆಳಗೆ ಕಾಯುತ್ತ ಕೂತ ಮನುಷ್ಯ. ಎಲ್ಲರೂ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ತುತ್ ನೋಡಿ ಈಟಿಯನ್ನು ದೂರ ಎಸೆದ.

"ಕೈ ಕೊಡವ್ವ," ಎಂದ ವಾಲಜ್ಜ. ಭುಜದಿಂದ ಕೆಳಕ್ಕೆ ಅವಳ ತೋಳನ್ನು ಕೊಯ್ದ. ಆಳವಾಗಿಯೇ ಕೊಯ್ದ, ಅವಳು ಹಲ್ಲು ಕಚ್ಚಲೂ ಇಲ್ಲ.

ಆಗಲೇ ಜೊಂಡಿನಿಂದ ಹೆಂಗಸೊಬ್ಬಳು ಬಂದಳು. ಸೊಂಟದಲ್ಲಿ ಒಂದು ಮಗು, ಕೈ ಹಿಡಿದು ಇನ್ನೊಂದು. ತನ್ನ ಗಂಡ ಹಳದಿ ಕ್ಯಾನು ಹಿಡಿದು ಮುಂದೆ ಬಂದಿದ್ದಾನೆ, ಕಂಡಿರಾ ಎಂದು ಕೇಳಿದಳು. ಗಂಡಸರು ಹೆಣಕ್ಕೆ ಅಡ್ಡವಾಗಿ ನಿಂತರು. ನ್ಯಾದಿಯೆಂಗ್ ಅವರನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಳು.

"ನಾನೇ ನೀರು ಕುಡ್ಸಿ, ನಾನೇ ಕೊಂದೆ ತಾಯಿ. ಬೇರೆಯವನು ಅಂದ್ಕೊಂಡು ಕೊಂದೆ."

ಗುಂಪು ಬಿಟ್ಟುಕೊಟ್ಟ ಸಂದಿಯಲ್ಲಿ ಹೆಂಗಸು ಗಂಡನ ಕಾಲುಗಳನ್ನು ನೋಡಿದಳು, ಕಾಲಿನಿಂದಲೇ ಗುರುತು ಹಿಡಿದಳು. ಅಷ್ಟರಲ್ಲಿ ದೊಡ್ಡ ಮಗು ಕೈ ಬಿಡಿಸಿಕೊಂಡು ಪಂಪಿನ ಹತ್ತಿರ ಹೋಗಿತ್ತು. ಪಂಪಿನ ಬಾಯಿಯಿಂದ ತೊಟ್ಟಿಕ್ಕುವ ಹನಿಗೆ ನಾಲಗೆ ಚಾಚಿತ್ತು. ಹೆಂಗಸು ಓಡಿ ಹೋಗಿ ಮಗುವನ್ನು ಹಿಡಿದೆಳೆದು, ಬಾಯಿಗೆ ಬೆರಳು ಹಾಕಿ, ಉಗಿ, ಉಗಿ ಎಂದು ಬೆನ್ನಿಗೆ ಗುದ್ದಿದಳು. ಸೆರಗಿನಿಂದ ಅದರ ನಾಲಗೆಯನ್ನು ಒರೆಸಿದಳು. ಮಗು ಅಳುವುದಕ್ಕೂ ಬಾಯಲ್ಲಿ ಪಸೆಯಿಲ್ಲದೆ ಬರೀ ಬಾಯಿ ತೆರೆಯಿತು.

"ಕುಡೀಲಿ ಬಿಡವ್ವ," ಎಂದಳು ನ್ಯಾದಿಯೆಂಗ್. "ಆ ಕಟ್ಟಳೆ ಹಾಳಾಗ್ಹೋಗ್ಲಿ. ನಾನು ಈ ಪಂಪು ಮುಟ್ಟಲ್ಲ, ಊರು ಬಿಟ್ಟು ಹೋಗ್ತೀನಿ. ಮಕ್ಕಳು ಕುಡೀಲಿ."

"ನಿನ್ನ ಕೈಯಿಂದ ನಮ್ಮೋರು ಒಬ್ರು ಕುಡಿದ್ರಲ್ಲಕ್ಕ," ಎಂದಳು ಹೆಂಗಸು. "ಸಾಕು."

ನ್ಯಾದಿಯೆಂಗ್ ವಾಲಜ್ಜನ ಕಡೆ ನೋಡಿದರೆ ಅವನು ತಲೆ ಎತ್ತಲಿಲ್ಲ. ಪಂಪಿನ ತೀರ್ಮಾನ ಮಾಡಿದ ಹಿರಿಯರಲ್ಲಿ ಅವನೂ ಒಬ್ಬ. ಹೆಂಗಸು ಮಕ್ಕಳನ್ನು ಎಳೆದುಕೊಂಡು ಬಂದ ದಾರಿಯಲ್ಲೇ ಜೌಗಿನ ಕಡೆಗೆ ಇಳಿದಳು. ನ್ಯಾದಿಯೆಂಗ್ ಪಂಪಿನ ಕಟ್ಟೆಯ ಮೇಲೆ ನಿಂತು ನೋಡಿದಳು, ತೋಳಿನಿಂದ ರಕ್ತ ಬೆರಳಿಗೆ ಇಳಿಯುತ್ತಿತ್ತು. ದನಗಳು ಹೊಟ್ಟೆಯವರೆಗೂ ಮುಳುಗಿ ನಿಂತಿದ್ದ ಕಡೆ ಆ ತಾಯಿ ಮಂಡಿಯೂರಿ, ಮೇಲಿನ ಹಸಿರು ಪಾಚಿಯನ್ನು ಕೈಯಿಂದ ಸರಿಸಿ, ಬೊಗಸೆಯಲ್ಲಿ ನೀರೆತ್ತಿ ಮೊದಲು ಚಿಕ್ಕದಕ್ಕೆ, ಆಮೇಲೆ ದೊಡ್ಡದಕ್ಕೆ ಕುಡಿಸಿದಳು.