ನಾಕ್ ಕೇಳುವ ಕಿವಿ

"ಬಿಡ್ರಿ!" ಎಂದು ರಂಜನಾ ಕೂಗಿದಳು. ಚನ್ನವೀರ ಆಕ್ಸಿಲರೇಟರಿನಿಂದ ಕಾಲು ತೆಗೆದ, ಆದರೆ ಬೇಕೆಂದೇ ಒಂದು ಗಳಿಗೆ ತಡಮಾಡಿ.

ಪುಣೆಯಾಚೆ ಭೋರ್ ಕಡೆಯ ಖಾಲಿ ರಸ್ತೆಯಲ್ಲಿ, ಗಿರಾಕಿಯ ಕಾರಿನ ಟ್ಯೂನಿಂಗ್ ಬೆಳಗಿನಿಂದ ಹೀಗೇ ನಡೆದಿತ್ತು. ಗಂಡ ಓಡಿಸಬೇಕು; ಪಕ್ಕದಲ್ಲಿ ಹೆಂಡತಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಎಂಜಿನ್ನಿಗೆ ಬಿಗಿದ ಮೈಕಿನ ಸದ್ದು ಕೇಳಬೇಕು. ಟರ್ಬೊ ಗಾಳಿಯನ್ನು ಒತ್ತಿ ತುಂಬಿದಷ್ಟೂ, ಎಂದರೆ ಬೂಸ್ಟ್ ಏರಿದಷ್ಟೂ, ಇಂಧನ ಹೊತ್ತಿಸುವ ಕಿಡಿ ತುಸು ತಡವಾಗಿ ಹಾರಬೇಕು. ಬೇಗ ಹಾರಿಸಿದರೆ ಕಸುವು ಹೆಚ್ಚುತ್ತದೆ, ನಿಜ. ಮಿತಿ ಮೀರಿತೋ, ಒಳಗೆ ಒಗ್ಗರಣೆಯ ಸಾಸಿವೆಯಂತೆ ಚಟಚಟ ನಾಕ್ ಶುರು. ಆಗಲೂ ಕಾಲು ತೆಗೆಯದಿದ್ದರೆ ಪಿಸ್ಟನ್ ಹೋದಂತೆಯೇ.

ಆ ಚಟಚಟ ಈಗ ಚನ್ನವೀರನಿಗೆ ಕೇಳಿಸುವುದಿಲ್ಲ. ವರ್ಷಗಟ್ಟಲೆ ಎಂಜಿನ್ನುಗಳ ಅಬ್ಬರ ತಿಂದ ಕಿವಿ ಸಣ್ಣ ಸದ್ದುಗಳನ್ನು ಕಳೆದುಕೊಂಡಿದೆ. ಗುಟ್ಟು ಮನೆಯೊಳಗೇ ಇತ್ತು. ಬಯಲಾದರೆ ಪುಣೆಯಲ್ಲಿ ಯಾವನೂ ಅವನ ಗ್ಯಾರೇಜಿಗೆ ಕಾರು ತರುವುದಿಲ್ಲ. ಇಷ್ಟಾಗಿಯೂ ಹೆಂಡತಿಯ ಮೇಲಿನ ದರ್ಪಕ್ಕೇನೂ ಕೊರತೆಯಿರಲಿಲ್ಲ.

"ಬೂಸ್ಟ್ ಇನ್ನೂ ಸ್ವಲ್ಪ ಏರಿಸಿ ಮಾರಾಯ್ರೆ," ಎಂದ ಹಿಂದಿನ ಸೀಟಿನ ಪ್ರಜ್ವಲ. ಕಾರು ಅವನದು, ವಿಮಾನ ನಗರದಲ್ಲಿ ಅವರಪ್ಪನ ಹೋಟೆಲಿದೆ. "ಮೇಡಂ ಯಾಕೆ ಪ್ರತಿ ಸಲ ನಿಲ್ಲಿಸುದು?"

"ಆಕಿ ಭಾಳ ಪುಕ್ಕಲಿ ಅದಾಳ್ರಿ," ಎಂದ ಚನ್ನವೀರ. "ಸುಮ್ನ ಕಿವಿಗೆ ಹಚ್ಕೊಂಡು ಕುಂದ್ರಾಕ ಕರ್ಕೊಂಡ್ ಬಂದೀನಿ. ಟ್ಯೂನಿಂಗ್ ಎಲ್ಲಾ ನಂದ."

ಪ್ರಜ್ವಲ ನಕ್ಕ. ರಂಜನಾಳ ಮೈ ಉರಿದುಹೋಯಿತು. ಹೆಡ್‌ಫೋನ್ ಕಿತ್ತು ಗಂಡನ ತೊಡೆಯ ಮೇಲೆ ಎಸೆದಳು.

"ಇಳೀರಿ. ನಾ ಓಡಸ್ತೀನಿ, ನೀವ ಕೇಳ್ರಿ."

"ತಲಿ ಕೆಟ್ಟದೇನ?"

"ಟ್ಯೂನಿಂಗ್ ಎಲ್ಲಾ ನಿಮ್ದಲ್ಲ? ಇಳೀರಿ. ಬೂಸ್ಟೂ ಏರಸ್ರಿ, ಅವ್ರು ಕೇಳಾಕತ್ತಾರ."

ಗಿರಾಕಿಯ ಮುಂದೆ ಇಲ್ಲವೆನ್ನುವುದಾದರೂ ಹೇಗೆ? ಸೀಟು ಬದಲಾಯಿತು, ಹೆಡ್‌ಫೋನ್ ಅವನ ಕಿವಿಗೆ ಬಂತು, ಬೂಸ್ಟ್ ಏರಿತು. ಮೂರನೇ ಗೇರಿನಲ್ಲಿ ರಂಜನಾ ಕಾಲನ್ನು ಪೂರ್ತಿ ಒತ್ತಿದಳು. ಕಾರು ಮೂವರನ್ನೂ ಸೀಟಿಗೆ ಅದುಮಿ ಓಡಿತು. ಹೆಡ್‌ಫೋನ್ ಇಲ್ಲದೆ ಅವಳಿಗೂ ಏನೂ ಕೇಳದು. ಆದರೆ ಹಿಂದಿನ ಓಟದಲ್ಲಿ ಕಡಿಮೆ ಬೂಸ್ಟಿಗೇ ಚಟಚಟ ಸಿಡಿದದ್ದು ಈಗ ಸಿಡಿಯದೆ ಇದ್ದೀತೇ? ಅದು ಅವನಿಗೂ ಗೊತ್ತಿತ್ತು.

"ಬಿಡು!" ಎಂದ.

"ಕೇಳಿಸ್ತೇನ್ರಿ?" ಅವಳ ಕಾಲು ಅಲ್ಲೇ ಇತ್ತು.

"ಬಿಡಲೇ! ಎಂಜಿನ್ ಹೋಗ್ತದ!"

"ಕೇಳಿಸ್ತೇನು ಅಂದೆ."

"ಇಲ್ಲ," ಎಂದ ಅವನು, ಬಾಯೊಳಗೇ.

"ಗಟ್ಯಾಗಿ ಹೇಳ್ರಿ. ಹಿಂದ ಕುಂತವ್ರಿಗೆ ಕೇಳ್ಲಿಲ್ಲ."

"ನನಗ ನಾಕ್ ಕೇಳಸಂಗಿಲ್ಲ! ಕೇಳಾಕಿ ಆಕೀನ!"

ರಂಜನಾ ಕಾಲು ತೆಗೆದಳು. ಕಾರು ನಿಧಾನವಾಗಿ ರಸ್ತೆಯ ಅಂಚಿಗೆ ಬಂದು ನಿಂತಿತು. ಪ್ರಜ್ವಲ ಇಳಿದು ತುಸು ದೂರ ಹೋಗಿ, ಯಾರಿಗೋ ಫೋನ್ ಮಾಡಿ ತುಳುವಿನಲ್ಲಿ ನಗತೊಡಗಿದ.

ಅವಳು ಕಾರನ್ನು ಸುತ್ತಿ ಬಂದು ಗಂಡನ ಬಾಗಿಲು ತೆರೆದು ಕೈ ಚಾಚಿದಳು. ಅವನು ಅವಳ ಮುಖ ನೋಡದೆ ಹೆಡ್‌ಫೋನ್ ಕೊಟ್ಟ. ಅದರ ಮೆತ್ತೆಗಳು ಅವನ ಬೆವರಿನಿಂದ ಒದ್ದೆಯಾಗಿದ್ದವು. ದುಪಟ್ಟಾದ ಚುಂಗಿನಿಂದ ಎರಡನ್ನೂ ಚೆನ್ನಾಗಿ ಒರೆಸಿ, ಅವಳು ತನ್ನ ಕಿವಿಗೆ ಹಾಕಿಕೊಂಡಳು.